ಹತ್ತನೇ ಸಾಲು

ಜುಲೈ 8, ಸೋಮವಾರ

ವಿದ್ಯಾರ್ಥಿ ಸಂಘಗಳ ನವೀಕರಣ ಶುರು. ಬೆಳಿಗ್ಗೆಯಿಂದ ಹದಿನೇಳು ಅರ್ಜಿ. ಚೆಸ್ ಕ್ಲಬ್ಬಿನವರು ಈ ವರ್ಷವೂ ಸಲಹೆಗಾರ ಅಧ್ಯಾಪಕರ ಸಹಿ ಮರೆತಿದ್ದಾರೆ — ಇವರು ನಾಲ್ಕು ನಡೆ ಮುಂದೆ ಯೋಚಿಸುವವರಂತೆ! ವಾಪಸ್ ಕಳಿಸಿದೆ. ನೃತ್ಯ ತಂಡದ ಪೋಸ್ಟರಿಗೆ ನಮ್ಮ ಕಚೇರಿಯ ಸೀಲಿಲ್ಲ. ಕಂಬದಿಂದ ತೆಗೆಸಿದೆ. ಕೌಂಟರಿನಾಚೆ ನನಗೆ ‘ರೂಲ್ಸ್ ಮೇಡಂ’ ಅಂತ ಹೆಸರಂತೆ. ಇರಲಿ.

ಜುಲೈ 11, ಗುರುವಾರ

ಓದುಗರ ಬಳಗದ ಅರ್ಜಿ ಬಂತು. ಒಂಬತ್ತೇ ಸಹಿ. ಹತ್ತು ಬೇಕು. ತಂದವನು ಬಳಗದ ಮುಖ್ಯಸ್ಥ. ಪಿಸುಗುಟ್ಟಿದರೂ ಕಾರಿಡಾರಿನ ತುದಿಗೆ ಕೇಳಿಸುವ ಗಂಟಲು. ಮನಸ್ಸಿನಲ್ಲೇ ಲೌಡ್‌ಸ್ಪೀಕರ್ ಅಂತ ಕರೆದೆ. ಕಣ್ಣು ಕಾಣದ ಕಾನೂನು ವಿದ್ಯಾರ್ಥಿನಿಯೊಬ್ಬಳಿಗೆ ದಿನಾ ಸಂಜೆ ಪಠ್ಯಪುಸ್ತಕ ಓದಿ ಹೇಳುವುದು ಇವರ ಕೆಲಸ. 14ನೇ ಕೊಠಡಿಯಲ್ಲಿ. ಹೋದ ವರ್ಷ ಹನ್ನೆರಡು ಜನ, ಮೂವರು ಪಾಸಾಗಿ ಹೋದರು.

“ರೂಮ್ ಹೋದ್ರೆ ಎಲ್ಲಿ ಓದೋದು ಮೇಡಂ? ಲೈಬ್ರರೀಲಿ ಬಾಯಿ ಬಿಡೋ ಹಾಗಿಲ್ಲ. ಹಾಸ್ಟೆಲಲ್ಲಿ ಸಂತೆ. ನವೆಂಬರಲ್ಲಿ ಅವಳಿಗೆ ಫೈನಲ್ ಪರೀಕ್ಷೆ.”

“26ನೇ ತಾರೀಖು ಐದು ಗಂಟೆ ತನಕ ಟೈಮಿದೆ. ಇನ್ನೊಂದು ಸಹಿ ತನ್ನಿ.”

ನೋಂದಣಿಯಿಲ್ಲದ ಸಂಘಕ್ಕೆ ಕೊಠಡಿಯ ಕೀಲಿ ಇಲ್ಲ. ನಾನೇನು ಮಾಡಲಿ... ಅವನಿಗೂ ಮಗಳ ಕಥೆ ಹೇಳಿದೆ. ಎಲ್ಲರಿಗೂ ಹೇಳುತ್ತೇನೆ. ಆರು ವರ್ಷದ ಹಿಂದೆ ಇಲ್ಲೇ ಓದುತ್ತಿದ್ದಾಗ ಅವಳ ನಾಟಕ ತಂಡದ ಅರ್ಜಿಯಲ್ಲೂ ಒಂಬತ್ತೇ ಸಹಿ. ತಿರಸ್ಕರಿಸಿದೆ. ಸ್ವಂತ ಮಗಳೆಂದು ನೋಡಲಿಲ್ಲ. ತಂಡ ಚೆಲ್ಲಾಪಿಲ್ಲಿಯಾಯಿತು. ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು, ಆಮೇಲೆ ಸರಿಹೋದಳು. ನಾಟಕ ಮಾತ್ರ ಮತ್ತೆ ಮಾಡಲಿಲ್ಲ. ಆ ಭಾಗ ಯಾರಿಗೂ ಹೇಳುವುದಿಲ್ಲ.

ಜುಲೈ 18, ಗುರುವಾರ. ಮಧ್ಯಾಹ್ನ 3

ಕಾನೂನು ವಿದ್ಯಾರ್ಥಿನಿ ತಾನೇ ಬಂದಳು. ಬಿಳಿ ಕೋಲು, ಬೆನ್ನಿಗೆ ಭಾರದ ಚೀಲ. ಒಂಬತ್ತನೆಯ ಸಹಿ ಅವಳದ್ದೇ.

“ಒಂದು ಕಾಫಿ ಕೊಡಿಸಿದ್ರೆ ಯಾರಾದ್ರೂ ಸಹಿ ಹಾಕ್ತಾರೆ ಮೇಡಂ. ಆದ್ರೆ ಓದಕ್ಕೆ ಬರಲ್ಲ. ಲಾ ಓದೋಳು ನಾನು, ಸುಳ್ಳು ಸಹಿ ಬೇಡ. ಹತ್ತೇ ಯಾಕೆ?”

“ನಿಯಮ ಹಾಗಿದೆ.”

“ಸರಿ. ಫಾರಂ ಹೇಗಿದೆ ಅಂತಾದ್ರೂ ಹೇಳಿ. ಸಹಿ ಹಾಕಿದೀನಿ, ನೋಡಿಲ್ವಲ್ಲ.” ನಕ್ಕಳು.

ಹಾಳೆ ತೆಗೆದು ಹೇಳತೊಡಗಿದೆ. ಮೇಲೆ ಸಂಘದ ಹೆಸರು. ಕೆಳಗೆ ಸಹಿಯ ಕೋಷ್ಟಕ. ಹತ್ತು ಸಾಲು, ಒಂದೊಂದೂ ಹೆಬ್ಬೆರಳಗಲ. ಕೊನೆಯದು ಮಾತ್ರ ಕಿರಿದು, ಹಾಳೆಯ ಅಂಚಿಗೆ ಒತ್ತಿಕೊಂಡಿದೆ...

“ಅದ್ಯಾಕೆ ಕಿರಿದು?”

“ಜಾಗ ಸಾಲ್ಲಿಲ್ಲ.”

ಬಾಯಿಂದ ಬಂದುಬಿಟ್ಟಿತು. ನನಗೆ ಹೇಗೆ ಗೊತ್ತು?

ಗೊತ್ತು. ಎಳೆದವಳು ನಾನೇ.

ಜುಲೈ 19

ಹಳೆಯ ಫೈಲು ಹುಡುಕಿಸಿದೆ. ಹದಿನಾಲ್ಕು ವರ್ಷದ ಹಿಂದಿನದು, ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಒಂದು ಫಾರಂ ಮಾಡಿಕೊಡಿ ಅಂದಿದ್ದರು ಆಗಿನ ಸಾಹೇಬರು. ಮರದ ಸ್ಕೇಲು, ಪೆನ್ಸಿಲ್ಲು. ಒಂಬತ್ತು ಸಾಲಿಗೆ ಹಾಳೆ ಮುಗಿದಿತ್ತು. ಅಂಚಿನಲ್ಲಿ ಒಂದಿಷ್ಟು ಖಾಲಿ ಉಳಿಯಿತು. ಬೋಳು ಕಾಣುತ್ತದೆಂದು ಹತ್ತನೆಯದನ್ನು ತುರುಕಿದೆ. ಮರುವರ್ಷ ಸಮಿತಿ ನಿಯಮ ಬರೆಯಿತು: ‘ಅರ್ಜಿಯ ಎಲ್ಲ ಸಾಲುಗಳೂ ಭರ್ತಿಯಾಗಿರಬೇಕು.’ ಅಷ್ಟೇ. ಹತ್ತು ಎಂಬ ಮಾತು ಎಲ್ಲೂ ಇಲ್ಲ. ಮೂರು ಸಲ ಓದಿದೆ.

ತಿರಸ್ಕೃತ ಅರ್ಜಿಗಳ ಕಟ್ಟು ಪಕ್ಕದಲ್ಲೇ ಇತ್ತು. ಬಿಚ್ಚಲಿಲ್ಲ.

ಜುಲೈ 25, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಇವತ್ತು ಕಟ್ಟು ಬಿಚ್ಚಿದೆ. ಒಂಬತ್ತೇ ಸಹಿಯಿದ್ದವು ಏಳು. ಮೇಲಿನಿಂದ ಮೂರನೆಯದು ನಾಟಕ ತಂಡದ್ದು. ಮಗಳ ಸಹಿ ಮೊದಲನೆಯದು. ಆಗೆಲ್ಲ ಸಹಿಯ ಕೆಳಗೆ ಎರಡು ಗೆರೆ ಜೋರಾಗಿ ಎಳೆಯುತ್ತಿದ್ದಳು. ಈಗ ಎಳೆಯುವುದಿಲ್ಲ. ಅಡ್ಡಲಾಗಿ ನನ್ನ ಕೆಂಪು ಶಾಯಿ: ‘ಅಪೂರ್ಣ’. ನಾಚಿಕೆಯಾಯಿತು. ಆ ಕಥೆಯನ್ನು ಎಷ್ಟು ಜನರಿಗೆ ಹೇಳಿ ಬೀಗಿದ್ದೇನೋ.

ನಿರ್ದೇಶಕರಿಗೆ ಎಲ್ಲ ಹೇಳಿದೆ.

“ಅಯ್ಯೋ ಬಿಡಿ. ಇಷ್ಟು ವರ್ಷ ಯಾರೂ ಕೇಳಿಲ್ಲ. ಈಗ ಬಾಯಿ ಬಿಟ್ರೆ ಹಳೇ ಸಂಘದೋರೆಲ್ಲ ಬಾಗಿಲಿಗೆ ಬರ್ತಾರೆ. ಸಮಿತಿ ಡಿಸೆಂಬರಲ್ಲಿ ಸೇರುತ್ತೆ, ಆಗ ನೋಡೋಣ.”

ಪರೀಕ್ಷೆ ನವೆಂಬರಿನಲ್ಲಿ.

“ಫಾರಂ ಬದಲಾಯಿಸೋಕೂ ಸಮಿತಿ ಬೇಕಾ ಸಾರ್?”

“ಫಾರಂ ನಿಮ್ಮ ಟೇಬಲ್ಲಿನ ಕೆಲಸ. ಅದನ್ನೂ ನನ್ನ ತಲೆಗೆ ಕಟ್ಟಬೇಡಿ.”

ಸರಿ.

ಜುಲೈ 26, ಶುಕ್ರವಾರ. ಸಂಜೆ 4.50

ಹೊಸ ಹಾಳೆ. ಅದೇ ಸ್ಕೇಲು. ಒಂಬತ್ತು ಸಾಲು, ಎಲ್ಲವೂ ಒಂದೇ ಅಗಲ. ಐದೇ ಎಳೆದರೆ? ಅದನ್ನು ಸಮಿತಿ ಯೋಚಿಸಲಿ. ನನ್ನ ತಪ್ಪು ಒಂದು ಸಾಲಿನದು, ಅಷ್ಟನ್ನು ತೆಗೆದೆ. ಕೆಳಗೆ ಬೋಳು ಕಾಣುತ್ತದೆ. ಕಾಣಲಿ.

ಲೌಡ್‌ಸ್ಪೀಕರ್ ಎಲ್ಲರನ್ನೂ ಕರೆತಂದ. ಕೊನೆಗೆ ಅವಳು.

“ಈಗೆಷ್ಟು ಸಾಲು ಮೇಡಂ?”

“ಒಂಬತ್ತು.”

“ಕೊನೇದು?”

“ಕಿರಿದಾಗಿಲ್ಲ. ಆರಾಮಾಗಿ ಹಾಕಮ್ಮ.”

ಸ್ಕೇಲನ್ನು ಸಾಲಿನ ಕೆಳಗೆ ಒತ್ತಿ ಹಿಡಿದೆ. ಅದರ ಅಂಚಿಗೆ ಪೆನ್ನು ತಾಗಿಸಿಕೊಂಡು ಸಹಿ ಹಾಕಿದಳು. 4.40ಕ್ಕೆ ಸೀಲು ಒತ್ತಿ 14ರ ಕೀಲಿ ಕೊಟ್ಟೆ. ಫೈಲಿಗೆ ಒಂದು ಟಿಪ್ಪಣಿ ಹಾಕಿದೆ — ಹತ್ತನೇ ಸಾಲು ನನ್ನಿಂದಾದ ತಪ್ಪು, ಏಳು ಸಂಘಗಳು ಅದರಿಂದ ಹೋದವು. ಹೆಸರು, ಸಹಿ, ತಾರೀಖು. ನಿರ್ದೇಶಕರಿಗೊಂದು ಪ್ರತಿ. ಸೋಮವಾರ ಕರೆಯುತ್ತಾರೆ. ಕರೆಯಲಿ.

ಅದೇ ದಿನ, 6.30. ಮನೆ

ಫೋನು ಮುಂದಿದೆ. ಮಗಳು ಏಳಕ್ಕೆ ಕೆಲಸದಿಂದ ಬರುತ್ತಾಳೆ. ಮಾತು ತಡವರಿಸಬಾರದು, ಇಲ್ಲೇ ಬರೆದು ನೋಡುತ್ತೇನೆ.

ಪುಟ್ಟೀ, ಒಂದು ತಮಾಷೆ ಆಯ್ತು ಗೊತ್ತಾ — ಬೇಡ. ತಮಾಷೆಯಲ್ಲ.

ಪುಟ್ಟೀ, ನಿನ್ನ ನಾಟಕದ ಅರ್ಜಿ ಇತ್ತಲ್ಲ. ಅದು ಪೂರ್ತಿಯಾಗೇ ಇತ್ತು ಕಣೇ. ನಾನೇ...