ಗಿಣಿ ಚಿತ್ರದ ತೊಟ್ಟಿಲು

ಜನವರಿ 28, ಚಿಯಾಂತ್ಲಾ. ಬೆಳಿಗ್ಗೆ

ಮತ್ತೆ ಅದೇ ಕನಸು. ಜೈಂಟ್ ವೀಲ್ ತಿರುಗುತ್ತಿದೆ, ತೊಟ್ಟಿಲುಗಳೆಲ್ಲ ಖಾಲಿ, ಆದರೂ ಮಕ್ಕಳ ಕೂಗು ಕೇಳುತ್ತದೆ. ನಾನು ಕೆಳಗೆ ನಿಂತು ಫೋಟೋ ತೆಗೆಯುತ್ತಿದ್ದೇನೆ. ಈ ಚಳಿಯಲ್ಲೂ ಬೆವರಿ ಎದ್ದೆ.

ಕಾಫಿ ಕುಡಿದು ಕೆಲಸಕ್ಕೆ ಕೂತೆ. ಫೋನಿನ ಮ್ಯಾಪಿನಲ್ಲಿ ನಮ್ಮ ಜಾತ್ರೆ ಆಟಗಳ ಜಾಗವನ್ನು ಹಿಂದಿನ ಊರಾದ ರಬಿನಾಲ್‌ನಿಂದ ಈ ಊರಿಗೆ ಬದಲಾಯಿಸಿದೆ. ಸರಿಯಾಗಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿದೆ. ನಮ್ಮ ಪೇಜಿಗೆ ಪೋಸ್ಟ್ ಹಾಕಿದೆ — ಫೆಬ್ರವರಿ 2, ಕಾಂದೆಲಾರಿಯಾ ಮಾತೆಯ ಹಬ್ಬದ ದಿನ ಶಾಲೆ ಮಕ್ಕಳಿಗೆ ಜೈಂಟ್ ವೀಲಿನಲ್ಲಿ ಮೊದಲ ಸುತ್ತು ಪುಕ್ಕಟೆ. ನನ್ನದೇ ಉಪಾಯ. ಯಜಮಾನರು ದೋನ್ ಎವೆಲಿಯೊ ಮೆಚ್ಚಿಕೊಂಡರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇಷ್ಟು ತಲೆ ಎಲ್ಲಿಂದ ಬಂತು ಅಂದರು. ಹೊಗಳಿದ್ದೋ ಏನೋ.

ಜನವರಿ 29

ರಬಿನಾಲ್‌ನಿಂದ ಎಲ್ವಿಯಾ ಎಂಬ ಹೆಂಗಸಿನ ಮೆಸೇಜು. ತಾನು ಬರೆದದ್ದನ್ನು ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದಾಳೆ. ನಾನೇನು ಮುಚ್ಚಿಟ್ಟೆ... ಆಮೇಲೆ ನೆನಪಾಯಿತು. ತುಕ್ಕು, ಸದ್ದು, ಭಯ — ಇಂಥ ಪದವಿದ್ದ ಕಾಮೆಂಟು ತಾನಾಗಿಯೇ ಮರೆಯಾಗುವಂತೆ ಪೇಜಿನಲ್ಲಿ ಮಾಡಿಟ್ಟಿದ್ದೇವೆ. ಯಜಮಾನರ ಅಪ್ಪಣೆ. ತೆರೆದು ನೋಡಿದೆ.

‘ಒಂಬತ್ತನೇ ತೊಟ್ಟಿಲು ಕೆಳಗೆ ಬರುವಾಗ ಒಂದು ಕಡೆ ವಾಲಿತು. ಮೇಲಿನ ಕಬ್ಬಿಣದಲ್ಲಿ ಟಕ್ ಎಂದು ಸದ್ದಾಯಿತು. ಮಗಳು ಪಕ್ಕದಲ್ಲೇ ಇದ್ದಳು. ದಯವಿಟ್ಟು ನೋಡಿಸಿ.’

ಬರೆದದ್ದು ಅಲ್ಲಿನ ಕೊನೆಯ ದಿನ. ಆಗ ನಾವು ಬಿಚ್ಚಿ ಲಾರಿಗೆ ತುಂಬುತ್ತಿದ್ದೆವು.

ಚಕ್ರ ಕಟ್ಟುವವನು ನನ್ನ ಅಣ್ಣ ಒತೋನಿಯೆಲ್. ಅವನ ಹತ್ತಿರ ಓಡಿದೆ.

“ಮೊನ್ನೆ ವೈರು, ಅದಕ್ಕೆ ಮುಂಚೆ ಜನರೇಟರು, ಈಗ ತೊಟ್ಟಿಲಾ? ನಿನ್ನ ಎದೆಯೊಳಗೂ ಒಂದು ಚಕ್ರ ತಿರುಗ್ತಾ ಇದೆ ಕಣೇ ತೆಲ್ಮಾ. ಮೊದ್ಲು ಅದಕ್ಕೆ ಬ್ರೇಕ್ ಹಾಕಿಸ್ಕೋ.”

ಬೈದುಕೊಂಡೇ ಹತ್ತಿದ. ತೊಟ್ಟಿಲನ್ನು ಹಿಡಿದಿರುವುದು ಎಡಕ್ಕೊಂದು ಬಲಕ್ಕೊಂದು ಪಿನ್ನು. ಒಂಬತ್ತರದ್ದು ಎರಡನ್ನೂ ಕಳಚಿ, ಒರೆಸಿ ತೋರಿಸಿದ. ಒಂದು ಗೀರೂ ಇಲ್ಲ. ಊರು ಬಿಟ್ಟ ಮೇಲೆ ಜನ ಏನು ಬೇಕಾದರೂ ಬರೆಯುತ್ತಾರೆ ಅಂದರು ಯಜಮಾನರು.

ಇರಲಿ. ದೇವರು ದೊಡ್ಡವನು.

ಜನವರಿ 31

ಕನಸು ಬೀಳಲಿಲ್ಲ. ಶಾಲೆಯ ದೊಡ್ಡ ಟೀಚರು ಬರೆದಿದ್ದಾರೆ — ಒಂದನೇ ಕ್ಲಾಸಿನವರನ್ನೂ ಕರೆತರುತ್ತಾರಂತೆ. ಸಂತೋಷಪಡಬೇಕು. ಎಲ್ವಿಯಾಗೆ ಸಮಾಧಾನವಾಗಲಿ ಎಂದು ಒಂಬತ್ತನೇ ತೊಟ್ಟಿಲಿನ ಫೋಟೋ ಕಳಿಸಿದೆ.

ಫೆಬ್ರವರಿ 1, ಸಂಜೆ

ಉತ್ತರ ಬಂತು. ‘ಇದು ನೀಲಿ. ನಾವು ಕೂತದ್ದು ಹಸಿರು ತೊಟ್ಟಿಲು. ಸೀಟಿನ ಬೆನ್ನಿಗೆ ಗಿಣಿಯ ಚಿತ್ರ ಇತ್ತು.’

ಅಯ್ಯೋ. ಲಾರಿಯಿಂದ ಯಾವ ತೊಟ್ಟಿಲು ಮೊದಲು ಇಳಿಯುತ್ತದೋ ಅದೇ ಮೊದಲು ನೇತಾಡುವುದು. ನಂಬರಿನ ಚೀಟಿ ಅಂಟಿಸುವುದು ಆಮೇಲೆ. ಊರೂರಿಗೂ ಹಾಗೇ. ನಂಬರು ಜಾಗದ್ದು, ತೊಟ್ಟಿಲಿನದ್ದಲ್ಲ. ನಮಗೆಲ್ಲರಿಗೂ ಗೊತ್ತು. ಗೊತ್ತಿದ್ದದ್ದಕ್ಕೇ ಯಾರಿಗೂ ಹೊಳೆಯಲಿಲ್ಲ.

ಅಣ್ಣ ಡೀಸೆಲ್ ತರಲು ಹೋಗಿದ್ದಾನೆ, ಬರುವುದು ನಾಳೆ. ಫೋನು ಸಿಗುತ್ತಿಲ್ಲ. ಯಜಮಾನರಿಗೆ ಹೇಳಿದೆ. ಪೂರ್ತಿ ಕೇಳಲೂ ಇಲ್ಲ.

“ಒಂದ್ಸಲ ನೋಡಿ ಆಯ್ತಲ್ಲಮ್ಮ. ಪೇಜ್ ನೀನು ನೋಡ್ಕೋ, ಚಕ್ರ ನಾನು ನೋಡ್ಕೋತೀನಿ.”

ಫೆಬ್ರವರಿ 2

ಬೆಳಕು ಹರಿಯುತ್ತಲೇ ಹೋಗಿ ಹುಡುಕಿದೆ. ಗಿಣಿ ಸಿಕ್ಕಿತು. ಈಗ ಅದು ಮೂರನೆಯದು.

ಮಕ್ಕಳು ಬಂದೇಬಿಟ್ಟರು. ಇಸ್ತ್ರಿ ಮಾಡಿದ ಯೂನಿಫಾರ್ಮು, ಒಬ್ಬರ ಕೈ ಒಬ್ಬರು ಹಿಡಿದ ಸಾಲು. ಅಣ್ಣ ಇನ್ನೂ ಬಂದಿಲ್ಲ. ಮೋಟಾರಿನ ಕೀಲಿ ಯಜಮಾನರ ಜೇಬಿನಲ್ಲಿ. ನನ್ನ ಕೈಯಲ್ಲಿದ್ದದ್ದು ಪೇಜ್ ಒಂದೇ. ಬರೆದೆ — ಜೈಂಟ್ ವೀಲ್ ಇಂದು ತಿರುಗುವುದಿಲ್ಲ. ತಪಾಸಣೆ ಬಾಕಿ ಇದೆ.

ಟೀಚರು ಫೋನಿನಲ್ಲಿ ಓದಿದರು. ನನ್ನ ಮುಖ ನೋಡಿದರು. ಸಾಲನ್ನು ಮರದ ಕುದುರೆಗಳ ಕಡೆಗೆ ತಿರುಗಿಸಿದರು.

ಯಜಮಾನರು ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ.

“ಫೋನ್ ಕೊಡು.”

ಕೊಡಲಿಲ್ಲ.

“ಹಾಗಾದ್ರೆ ಗಂಟು ಕಟ್ಕೋ. ಮುಂದಿನ ಊರಿಗೆ ನೀನು ಬರೋದು ಬೇಡ.”

ಅಷ್ಟರಲ್ಲಿ ಅಣ್ಣ ಬಂದ. ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ, ಸೀದಾ ಮೂರನೆಯದಕ್ಕೆ ಹತ್ತಿದ. ಸೀಟಿನಲ್ಲಿ ಕೂತವರ ಎಡಗಡೆಗೆ ಬರುವ ಪಿನ್ನು ಕಳಚಿ ಅಂಗಿಗೆ ಒರೆಸಿಕೊಂಡು ಇಳಿದ. ಯಜಮಾನರ ಅಂಗೈ ಮೇಲಿಟ್ಟ. ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ.

ದೋನ್ ಎವೆಲಿಯೊ ಟೋಪಿ ತೆಗೆದು, ಕುದುರೆಗಳ ಮೇಲೆ ಕೂತಿದ್ದ ಮಕ್ಕಳನ್ನೇ ನೋಡುತ್ತಾ ನಿಂತರು.

“ಪೋಸ್ಟ್ ಹಾಗೇ ಇರ್ಲಿ,” ಅಂದರು. ಗಂಟಿನ ಮಾತು ಮತ್ತೆ ಎತ್ತಲಿಲ್ಲ.

ಅದೇ ದಿನ, ಮಧ್ಯಾಹ್ನ

ಹೊಸ ಪಿನ್ನು ಕೂರಿಸಿ ಆಯಿತಂತೆ. ಅಣ್ಣ ಇನ್ನೂ ಮೇಲೇ ಇದ್ದಾನೆ, ಉಳಿದ ತೊಟ್ಟಿಲುಗಳನ್ನು ನೋಡುತ್ತಾ. ಎಲ್ಲ ಸರಿಯಿದ್ದರೆ ನಾಳೆ ಮಕ್ಕಳನ್ನು ಮತ್ತೆ ಕರೆಯೋಣ ಅಂದರು ಯಜಮಾನರು. ಮುಚ್ಚಿಟ್ಟಿದ್ದ ಕಾಮೆಂಟುಗಳನ್ನೆಲ್ಲ ತೆರೆದೆ. ಬೇಡ ಅನ್ನಲಿಲ್ಲ.

ಎಲ್ವಿಯಾಗೆ ಬರೆದೆ — ಅಕ್ಕಾ, ಸಿಕ್ಕಿತು, ಎಡಗಡೆಯ ಪಿನ್ನು, ಬದಲಾಯಿಸಿದ್ದೇವೆ. ಕೂಡಲೇ ಉತ್ತರ ಬಂತು. ದೇವರು ಕಾಪಾಡಿದ ಎಂದಿದ್ದಾಳೆ. ಕೆಳಗೆ ಇನ್ನೊಂದು ಸಾಲು. ‘ಆದರೆ ಸದ್ದು ಬಂದದ್ದು ಮಗಳ ಕಡೆಯಿಂದ. ಅವಳು ಕೂತಿದ್ದು ನನ್ನ ಬಲಕ್ಕೆ.’

ಬಲಗಡೆಯದನ್ನು ಅಣ್ಣ ಕಳಚಿದ್ದನ್ನು ನಾನು ಕಂಡಿಲ್ಲ. ಅವನಿಗೆ ಮೆಸೇಜು ಹಾಕುತ್ತಿದ್ದೇನೆ. ಬೈಯಲಿ. ಒತೋನಿಯೆಲ್ ಅಣ್ಣಾ, ಗಿಣಿ ತೊಟ್ಟಿಲಿನ ಬಲಗಡೆಯ ಪಿನ್ನು, ಇನ್ನೊಂದೇ ಒಂದು ಸಲ —