ನೀರಿಗೆ ಬಿಟ್ಟ ಮೀನು

೯ ಮೇ ೨೦೦೪, ಭಾನುವಾರ

ಎರಡು ಸಲ ಸೋಪು ಹಚ್ಚಿದರೂ ಕೈಯ ನಾತ ಹೋಗಿಲ್ಲ.

ಬೆಳಗಿನಿಂದ ನಗರದ ಅಂಚಿನ ಮಾದಾಪುರದ ಆಚೆಯ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತಿದ್ದೆ. ಗಾಳಕ್ಕೆ ಸಿಕ್ಕಿಸಿದ ಹೊಸ ಪ್ಲಾಸ್ಟಿಕ್ ಮೀನನ್ನು ಕೆರೆಯ ಒಂದು ಮೀನೂ ಮೂಸಲಿಲ್ಲ. ಮಾರಿದವನ ತಲೆ! ಕೊನೆಗೆ ಅಂಬಾದಾಸ ಕೊಟ್ಟ ಜೋಳದ ಹಿಟ್ಟಿನ ಉಂಡೆಗೆ ಒಂದು ಬಿತ್ತು. ಅಂಬಾದಾಸ ನಮ್ಮ ಯಾದಗಿರಿ ಕಡೆಯವನು, ಈ ಕೆರೆಯ ಪಕ್ಕ ಏಳುತ್ತಿರುವ ಗಾಜಿನ ಕಟ್ಟಡದಲ್ಲಿ ಕೂಲಿ. ಬಸುರಿ ಹೆಂಡತಿ ಶಂಕ್ರಮ್ಮನ ಜೊತೆ ದಂಡೆಯ ಮೇಲೇ ತಗಡಿನ ಶೆಡ್ಡಿನಲ್ಲಿದ್ದಾನೆ.

ಮೊದಲ ಮೀನನ್ನು ನೀರಿಗೆ ಬಿಡುವುದು ಅಪ್ಪನಿಂದ ಬಂದ ರೂಢಿ. ಬಿಟ್ಟೆ. ಮೀನು ಒಳಗೆ ಹೋಗಲಿಲ್ಲ. ಕೊಳಚೆಯ ನೊರೆಯಲ್ಲಿ ಬಾಯಿ ಬಿಡುತ್ತ ನನ್ನ ಕಾಲ ಬಳಿಯ ಕೆಸರಿಗೇ ತಿರುಗಿ ಬಂತು. ಮತ್ತೆ ತಳ್ಳಿದೆ. ಮತ್ತೆ ಬಂತು.

"ಬಿಡ್ರಿ ಸಾಹೇಬ್ರ," ಎಂದ ಅಂಬಾದಾಸ. "ಅದಕ್ಕ ಒಳಗ ಉಸಿರು ಸಿಗವಲ್ದು."

ಅಷ್ಟರಲ್ಲಿ ಶಂಕ್ರಮ್ಮ ತಂಬಿಗೆ ಹಿಡಿದು ಬಂದಳು. "ಬಿಸಿಲು ಭಾಳ ಐತಿ, ನೀರು ಕುಡೀರಿ."

ದಂಡೆಯ ಬೋರಿನ ನೀರು. ನಾಲಿಗೆ ಒಣಗಿತ್ತು. "ಬ್ಯಾಡಮ್ಮ, ನೀರಡಿಕಿ ಇಲ್ಲ" ಎಂದೆ.

ಆಕೆ ಮೀನನ್ನು ನೋಡಿದಳು, ನನ್ನನ್ನು ನೋಡಿದಳು. "ನಾವು ದಿನಾ ಇದನ್ನ ಕುಡೀತೀವ್ರಿ" ಎಂದು ತಂಬಿಗೆ ಎತ್ತಿದಳು.

ಅದು ಖಾಲಿಯಾಗುವವರೆಗೂ ನಾನು ತಲೆ ತಗ್ಗಿಸಿ ಗಾಳದ ದಾರ ಸುತ್ತುತ್ತಿದ್ದೆ.