ಹಿಂದೆ ತಿರುಗಲು ಬಾರದ ನಾಯಿ

ಬ್ಯಾಲಂಟೈನ್, ಷಾರ್ಲೆಟ್, ಅಮೆರಿಕ
14-6-1998, ಭಾನುವಾರ

ತಮ್ಮ ವೀರಣ್ಣನಿಗೆ,

ಅಣ್ಣ ದಾನಪ್ಪ ಮಾಡುವ ಆಶೀರ್ವಾದ. ನನ್ನ ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನ್ನ ಆರೋಗ್ಯ ಹೇಗಿದೆ? ಸಕ್ಕರೆ ಕಾಯಿಲೆ ಏರಿದೆಯೆಂದೂ, ಎಡಗಣ್ಣಿನ ಪೊರೆ ತೆಗೆಸಿದ್ದೀಯೆಂದೂ ಮಗಳು ಜಯಂತಿ ಹೇಳಿದಳು. ಕಾಯಿಲೆಯವನು ಬಾಯಿ ಕಟ್ಟಬೇಕು. ಮೈಸೂರು ಪಾಕು ಕಂಡರೆ ನಿನ್ನ ಕೈ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲವೇ? ನಿನ್ನ ಹೆಂಡತಿ ವರಲಕ್ಷ್ಮಿಯ ಮಂಡಿನೋವು ಹೇಗಿದೆ? ನೀವಿರುವ ಸುವಾನಿ ಊರಿನ ಮನೆಯಲ್ಲಿ ಮೆಟ್ಟಿಲು ಜಾಸ್ತಿಯಂತೆ, ಅವಳನ್ನು ಕೆಳಗಿನ ರೂಮಿನಲ್ಲೇ ಮಲಗಿಸಲು ನಿನ್ನ ಮಗ ಗುರುದತ್ತನಿಗೆ ಹೇಳು. ನನಗೆ ಬಿ.ಪಿ. ಒಂದು ಬಿಟ್ಟರೆ ಏನೂ ಇಲ್ಲ. ಅಪ್ಪನ ಹಲ್ಲು ನಾಲ್ಕು ಉದುರಿವೆ, ಕೋಪ ಮಾತ್ರ ಅಲ್ಲಾಡಿಲ್ಲ ಎಂದು ನನ್ನ ಮಗಳು ಬಂದವರೆದುರೆಲ್ಲ ಹೇಳುತ್ತಾಳೆ. ಹೇಳಲಿ. ಇದು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ. ಎಸ್ಸೆಸ್ಸೆಲ್ಸಿ ಓದಿದವನು ನೀನು, ತಪ್ಪು ಹುಡುಕುತ್ತ ಕೂರಬೇಡ, ವಿಷಯ ನೋಡು.

ಮೊದಲು ಫೋನಿನ ವಿಷಯ. ಹೋದ ಭಾನುವಾರ ನೀನು ಫೋನ್ ಮಾಡಿದಾಗ ಎತ್ತಿಕೊಂಡವನು ನಾನು. "ಅಣ್ಣಾ, ನಾನು ವೀರು" ಎಂದೆ. ನಾನು ಇಟ್ಟುಬಿಟ್ಟೆ. ಲೈನ್ ಕಟ್ಟಾಯಿತು ಎಂದು ಜಯಂತಿ ಆಮೇಲೆ ನಿನಗೆ ಹೇಳಿದ್ದು ಸುಳ್ಳು. ನಮ್ಮ ಟಗರು ಕೆಂಚನ ಕಾಳಗದ ದಿನ ಜಗಳವಾಡಿ ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷದ ಮೇಲೆ ನಿನ್ನ ದನಿ ಕೇಳಿದರೆ ಥೇಟ್ ಅಪ್ಪನ ದನಿ. ಕೈ ತಾನೇ ಇಟ್ಟುಬಿಟ್ಟಿತು. ಕೈ ಮೇಲೆ ಯಾಕೆ ಹಾಕಲಿ, ನಾನೇ ಇಟ್ಟೆ. ನೀನು ಜುಲೈ ಎರಡಕ್ಕೆ ಊರಿಗೆ ಹೊರಡುತ್ತೀಯಂತೆ, ನಾನು ಇಲ್ಲಿ ನವೆಂಬರಿನವರೆಗೆ. ಈಗ ಇಬ್ಬರೂ ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಷ್ಟು ದೂರದಲ್ಲಿದ್ದೇವೆ. ಈ ವಯಸ್ಸಿನಲ್ಲಿ ಇಷ್ಟು ಹತ್ತಿರ ಮತ್ತೆ ಸಿಗುತ್ತೇವೋ ಇಲ್ಲವೋ ಯಾರಿಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಈಗ ಒಂದು ನಾಯಿಯ ವಿಷಯ ಹೇಳುತ್ತೇನೆ. ಅಣ್ಣನಿಗೆ ತಲೆ ಕೆಟ್ಟಿದೆ ಎನ್ನಬೇಡ, ಪೂರ್ತಿ ಓದು. ನಮ್ಮ ಪಕ್ಕದ ಮನೆಯಲ್ಲಿ ಅನ್ಸೆಲ್ಮೊ ಎಂಬ ಮುದುಕ ಇದ್ದಾನೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದವನು. ಅವನೂ ನನ್ನ ಹಾಗೆ ಮಗಳ ಮನೆಗೆ ಬಂದು ಕೂತವನು, ಅವನಿಗೂ ಇಂಗ್ಲಿಷ್ ಬಾರದು. ಈ ಬಡಾವಣೆಯಲ್ಲಿ ಅರ್ಧ ಮನೆ ಎದ್ದಿವೆ, ಇನ್ನರ್ಧ ಬರೀ ಕೆಮ್ಮಣ್ಣು, ನಮ್ಮ ಕಡೆಯದೇ ಬಣ್ಣ. ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಬೆಳಗ್ಗೆ ನಡೆಯುವವರು ನಾವಿಬ್ಬರು, ಜೊತೆಗೆ ಅವನ ಹೆಣ್ಣುನಾಯಿ ಪಂಪಾ. ಹಾಲಿನಂಥ ಬಿಳುಪು. ಮೊದಲ ದಿನ ನೋಡಿದವನೇ ನಿಂತುಬಿಟ್ಟೆ. ಆ ಕತ್ತು ನೀನು ನೋಡಬೇಕು ವೀರು! ಎದೆಯ ಅಗಲ, ಹಿಂಗಾಲು ಊರುವ ರೀತಿ, ಎಲ್ಲ ನಮ್ಮ ಕೆಂಚನದೇ. ಟಗರು ಕೊಳ್ಳುವಾಗ ನೋಡುವ ಹಾಗೆ ಹೇಳದೆ ಕೇಳದೆ ಹೋಗಿ ಹೆಗಲು ಒತ್ತಿ ನೋಡಿದೆ. ಅವನ ಮಗಳು ಕಿಟಕಿಯಿಂದ ಕಿರುಚಿಕೊಂಡಳು. ಮುದುಕ ನಕ್ಕ, ನಾಯಿ ನನ್ನ ಕೈ ನೆಕ್ಕಿತು. ಅವತ್ತಿನಿಂದ ನಾವು ಸ್ನೇಹಿತರು. ಅವನು ಅವನ ಭಾಷೆಯಲ್ಲಿ ಮಾತಾಡುತ್ತಾನೆ, ನಾನು ಕನ್ನಡದಲ್ಲಿ. ಇಬ್ಬರೂ ಅಳಿಯಂದಿರನ್ನೇ ಬೈಯುತ್ತಿದ್ದೇವೆ ಎಂದುಕೊಂಡಿದ್ದೇನೆ.

ಮೊನ್ನೆ ಗುರುವಾರ ಸಂಜೆ ನನ್ನನ್ನೂ ಜಯಂತಿಯನ್ನೂ ಜಗುಲಿಗೆ ಕರೆದ. ಸೋರೆಬುರುಡೆಯಂಥ ಒಂದು ಪುಟ್ಟ ಪಾತ್ರೆಗೆ ಏನೋ ಸೊಪ್ಪಿನ ಪುಡಿ ತುಂಬಿ ಬಿಸಿನೀರು ಹಾಕಿದ, ಅದಕ್ಕೊಂದು ಬೆಳ್ಳಿಯ ಕೊಳವೆ. ಅವನು ಹೀರಿದ, ಮತ್ತೆ ನೀರು ಹಾಕಿ ಅವನ ಮಗಳು ಹೀರಿದಳು, ಅದೇ ಕೊಳವೆ ನನ್ನ ಬಾಯಿಗೆ! "ಎಂಜಲು ಕಣೇ" ಎಂದೆ ಜಯಂತಿಗೆ. "ಬೇಡ ಅಂದ್ರೆ ಇನ್ಸಲ್ಟ್ ಮಾಡ್ದಂಗೆ ಆಗುತ್ತೆ ಅಪ್ಪಾ, ಸುಮ್ನೆ ಕುಡೀರಿ" ಎಂದು ಹಲ್ಲು ಕಚ್ಚಿ ಹೇಳಿದಳು. ಕುಡಿದೆ. ಬೇವಿನ ಕಷಾಯ ವಾಸಿ. ಅರವತ್ತೆಂಟು ವರ್ಷ ಮಡಿ ಅಂತ ಕುಣಿದವನು ಯಾರದೋ ಎಂಜಲು ಕುಡಿದು ಮೂತಿ ಒರೆಸಿಕೊಂಡೆ. ಆಮೇಲೆ ಪಂಪಾಳ ವಂಶದ ವಿಚಾರ ಕೇಳಿಸಿದೆ. ಅವನು ಹೇಳಿದ್ದನ್ನು ಅವನ ಮಗಳು ಇಂಗ್ಲಿಷ್ ಮಾಡಿದಳು, ನನ್ನ ಮಗಳು ಅದನ್ನು ಕನ್ನಡ ಮಾಡಿದಳು. ನಡುವೆ ಎಷ್ಟು ಸೋರಿತೋ ಗೊತ್ತಿಲ್ಲ, ನನಗೆ ಸಿಕ್ಕಿದ್ದು ಇಷ್ಟು.

ಅವನ ಸೀಮೆಯ ಹೆಸರು ಕೊರ್ಡೊಬಾ. ಅಲ್ಲಿ ಹಿಂದೆ ಕಾಳಗಕ್ಕೆಂದೇ ಒಂದು ನಾಯಿಯ ತಳಿ ಮಾಡಿದ್ದರಂತೆ. ಪಂಪಾಳ ಮುತ್ತಾತಂದಿರು ಅವೇ. ಅದರ ಗುಣ ಕೇಳು. ನೋವೇ ಗೊತ್ತಾಗುತ್ತಿರಲಿಲ್ಲವಂತೆ. ಕಿವಿ ಹರಿದರೂ ಕಾಲು ಮುರಿದರೂ ಹಿಡಿದದ್ದನ್ನು ಬಿಡುವುದಿಲ್ಲ. ಹಿಂದೆ ತಿರುಗುವುದೆಂಬುದು ಅದರ ರಕ್ತದಲ್ಲೇ ಇಲ್ಲ. ಸಾಯುವವರೆಗೂ ಕಚ್ಚಾಟ. ನಾನು ತೊಡೆ ತಟ್ಟಿ "ಭಲೇ! ಅಂಥದ್ದೊಂದು ಇದ್ದರೆ ಕರೆದುಕೊಂಡು ಹೋಗಿ ತೋರಿಸು ಅನ್ನು" ಎಂದೆ. ಜಯಂತಿ ಹೇಳಿದಳು, ಅವನ ಮಗಳು ಹೇಳಿದಳು. ಮುದುಕ ಎರಡೂ ಅಂಗೈ ಬಿಚ್ಚಿ ತೋರಿಸಿದ. ಖಾಲಿ. ಒಂದೂ ಉಳಿದಿಲ್ಲವಂತೆ.

ರೋಗ ಬಂತೇ ಎಂದು ಕೇಳಿಸಿದೆ. ಅದಲ್ಲವಂತೆ. ಎಷ್ಟೋ ನಾಯಿಗಳು ಕಾಳಗದ ಕಣದಲ್ಲೇ ಸತ್ತವು. ಬೇಟೆಗೆ ಗುಂಪಿನಲ್ಲಿ ಬಿಟ್ಟರೆ ಹಂದಿಯನ್ನು ಬಿಟ್ಟು ಜೊತೆಯ ನಾಯಿಯ ಮೇಲೇ ಬೀಳುತ್ತಿದ್ದವು. ಬೆದೆಗೆ ಬಂದ ಹೆಣ್ಣನ್ನು ಗಂಡಿನ ಹತ್ತಿರ ಬಿಟ್ಟರೂ ಕೂಡುವುದು ಬಿಟ್ಟು ಹೊಡೆದಾಡುತ್ತಿದ್ದವಂತೆ. ಮರಿ ಎಲ್ಲಿಂದ ಬರಬೇಕು? ಆಮೇಲೆ ಯಾರೋ ಡಾಕ್ಟರು ಉಳಿದ ಆ ತಳಿಗೆ ಸಾಧು ನಾಯಿಗಳನ್ನು ಕೂಡಿಸಿ ಕೂಡಿಸಿ ಪಂಪಾಳಂಥ ನಾಯಿ ಮಾಡಿದನಂತೆ, ಜೊತೆಯವರೊಡನೆ ಬಾಳುವಂಥದ್ದು. ಅನ್ಸೆಲ್ಮೊನ ತಾತ ಹಳೆಯ ತಳಿಯದು ಎರಡು ಸಾಕಿದ್ದ, ಒಡಹುಟ್ಟಿದವು. ಸಣ್ಣವಿದ್ದಾಗ ಒಂದೇ ತಟ್ಟೆಯಲ್ಲಿ ತಿಂದವು, ದೊಡ್ಡವಾದ ಮೇಲೆ ಒಂದನ್ನೊಂದು ಕೊಂದುಕೊಂಡವು. ಮುದುಕ ಆ ತಾತನ ಮಾತು ಹೇಳಿದ: "ತಪ್ಪು ನಾಯಿಯದಲ್ಲ. ಹಿಂದೆ ಸರಿದ ಮರಿಗಳನ್ನೆಲ್ಲ ನಾವೇ ಕೊಂದು, ಸರಿಯದ್ದನ್ನು ಮಾತ್ರ ಬೆಳೆಸಿದೆವು." ನಾನು ಎದ್ದು ಬಂದುಬಿಟ್ಟೆ. ಚಪ್ಪಲಿ ಅಲ್ಲೇ ಬಿಟ್ಟಿದ್ದೆ, ಜಯಂತಿ ಎತ್ತಿಕೊಂಡು ಹಿಂದೆ ಓಡಿಬಂದಳು.

ವೀರು, ಕೆಂಚ ಮರಿಯಾಗಿದ್ದಾಗ ಹಿಂದೆ ತಿರುಗುತ್ತಿತ್ತು. ನಿನಗೆ ಗೊತ್ತಿಲ್ಲ. ನೀನು ಸೈಕಲ್ ಶಾಪಿನಲ್ಲಿದ್ದಾಗ ನಾನು ಹಿತ್ತಲಲ್ಲಿ ಅದನ್ನು ಪಳಗಿಸುತ್ತಿದ್ದೆ. ಗುದ್ದು ತಪ್ಪಿಸಿ ತಿರುಗಿತೋ, ಮೂತಿಯ ಮೇಲೆ ಕೋಲು. ಮತ್ತೆ ತಿರುಗಿತೋ, ಮತ್ತೆ ಕೋಲು. ಎರಡು ತಿಂಗಳಿಗೆ ತಿರುಗುವುದನ್ನೇ ಮರೆಯಿತು. ನೀನು ಬಾಟಲಿಯಲ್ಲಿ ಹಾಲು ಕುಡಿಸಿ, ಅಂಗೈಯಲ್ಲಿ ಹುರುಳಿ ತಿನ್ನಿಸಿ ಸಾಕಿದ ಮರಿ ಅದು. ಮಂಡ್ಯದ ಕಾಳಗದಲ್ಲಿ ಮೂಗಿನಿಂದ ರಕ್ತ ಬಂದಾಗ ನೀನು ಕಣದೊಳಗೆ ಹಾರಿ ಅದರ ಕತ್ತು ತಬ್ಬಿ ಎಳೆದುಕೊಂಡು ಬಂದೆ. ಜನ ಸಿಳ್ಳೆ ಹೊಡೆದರು. ಅಷ್ಟು ಜನರ ಮುಂದೆ ನಾನು "ಬಳೆ ತೊಟ್ಕೊಳೋ" ಎಂದೆ, ಕೆನ್ನೆಗೂ ಹೊಡೆದೆ. ನೀನು ತಿರುಗಿ ಹೊಡೆಯಲಿಲ್ಲ. "ಇದನ್ನ ಮತ್ತೆ ಬಿಡಬೇಡ ಅಣ್ಣಾ, ಸತ್ತೋಗುತ್ತೆ" ಎಂದಷ್ಟೇ ಅಂದೆ. ವರಲಕ್ಷ್ಮಿಯನ್ನು ಕರೆದುಕೊಂಡು ಬೇರೆ ಮನೆ ಮಾಡಿದೆ. ನಿನ್ನ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿದರೆ ನಾನು ಅಪ್ಪನಿಗೆ ಹುಟ್ಟಿದವನೇ ಅಲ್ಲ ಎಂದು ನಾನು ಬೀದಿಯಲ್ಲಿ ನಿಂತು ಕೂಗಿದೆ. ಇಡೀ ಕೊಪ್ಪಲು ಕೇಳಿಸಿಕೊಂಡಿತು.

ಕೆಂಚ ಹೊಟ್ಟೆ ಉಬ್ಬರಿಸಿ ಸತ್ತಿತೆಂದು ನಿನಗೆ ಹೇಳಿ ಕಳಿಸಿದೆನಲ್ಲ, ಅದು ಸುಳ್ಳು. ನೀನು ಹೋದ ಮೂರನೇ ವಾರಕ್ಕೆ ಅದನ್ನು ಮತ್ತೆ ಕಾಳಗಕ್ಕೆ ಬಿಟ್ಟೆ. ಎಂಟನೇ ಗುದ್ದಿಗೆ ಅದರ ಕಾಲು ನಡುಗಿತು. ಕತ್ತೆತ್ತಿ ಜನರ ಗುಂಪಿನಲ್ಲಿ ಯಾರನ್ನೋ ಹುಡುಕಿತು. ನಿನ್ನನ್ನೇ. ನಾನೇನು ಮಾಡಿದೆ ಗೊತ್ತೇ? ಕೋಲು ಎತ್ತಿ ತೋರಿಸಿದೆ. ಕೋಲು ಕಂಡು ಮತ್ತೆ ಮುಂದಕ್ಕೆ ಹೋಯಿತು. ಒಂಬತ್ತನೇ ಗುದ್ದಿಗೆ ಬಿತ್ತು, ಏಳಲಿಲ್ಲ. ಈ ಮಾತು ನನ್ನ ಹೆಂಡತಿಗೂ ಹೇಳಿರಲಿಲ್ಲ, ತಿಳಿಯದೆಯೇ ಹೋದಳು. ಮಾರನೇ ದಿನ ನೀನು ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತು "ಎಲ್ಲಿ ಹೂತೆ ಅಣ್ಣಾ?" ಎಂದು ಕೇಳಿದೆ. ಬೇರೆ ಏನೂ ಕೇಳಲಿಲ್ಲ. "ನಿನಗ್ಯಾಕೋ" ಎಂದು ಬಾಗಿಲು ಹಾಕಿಕೊಂಡೆ. ಹಿತ್ತಲಲ್ಲಿ ನುಗ್ಗೇಮರದ ಬುಡದಲ್ಲಿ, ವೀರು. ತಲೆ ನಿನ್ನ ರೂಮಿನ ಕಡೆಗೆ ಇಟ್ಟು ಹೂತೆ. ಮೇಲೆ ಒಂದು ಬೊಗಸೆ ಹುರುಳಿ ಹಾಕಿದೆ.

ಬರುವ ಶನಿವಾರ, ಇಪ್ಪತ್ತನೇ ತಾರೀಕು, ಬೆಳಗ್ಗೆ ಹೊರಡುತ್ತೇವೆ. ಜಯಂತಿ ಡ್ರೈವ್ ಮಾಡುತ್ತಾಳೆ. ಊಟದ ಹೊತ್ತಿಗೆ ಬಂದೇವು. ಈ ಕಾಗದ ಓದಿದ ಮೇಲೆ ನಿನಗೆ ನನ್ನ ಮುಖ ನೋಡುವುದು ಬೇಡವೆನಿಸಿದರೆ ಅದೂ ನ್ಯಾಯವೇ. ಗುರುದತ್ತನ ಕೈಲಿ ಫೋನ್ ಮಾಡಿಸು. ಆದರೆ ಶನಿವಾರದವರೆಗೆ ನಾನು ಫೋನ್ ಎತ್ತುವುದಿಲ್ಲ, ಜಯಂತಿಗೂ ಎತ್ತಬೇಡ ಎಂದಿದ್ದೇನೆ. ನೀನು ಹೊಡೆಯುವುದಿದ್ದರೆ ಒಂದು ಏಟು ಬಾಕಿ ಇದೆ, ಹೊಡೆ. ಎಡಕೆನ್ನೆಗೆ ಹೊಡೆ, ಬಲಗಡೆ ಹಲ್ಲು ಅಲ್ಲಾಡುತ್ತಿದೆ.

ವರಲಕ್ಷ್ಮಿಗೂ ಗುರುದತ್ತನಿಗೂ ಅವನ ಸಂಸಾರಕ್ಕೂ ನನ್ನ ಆಶೀರ್ವಾದ ತಿಳಿಸು. ಕಣ್ಣಿಗೆ ಡ್ರಾಪ್ಸು ತಪ್ಪಿಸಬೇಡ. ಈ ಕಾಗದ ಒಂದೇ ಸಲಕ್ಕೆ ಓದಬೇಡ, ಕಣ್ಣು ದಣಿಯುತ್ತದೆ.

ನಿನ್ನ ಅಣ್ಣ,
ದಾನಪ್ಪ

ಮರೆತಿದ್ದೆ, ಜಯಂತಿ ಕವರು ಅಂಟಿಸಲು ನಿಂತಿದ್ದಾಳೆ. ನಾವು ಬಂದ ಕೂಡಲೇ ವರಲಕ್ಷ್ಮಿ ಕಾಫಿ, ಉಪ್ಪಿಟ್ಟು ಅಂತ ಆ ಮಂಡಿ ಇಟ್ಟುಕೊಂಡು ಓಡಾಡುವುದು ಬೇಡ. ಮೊದಲು ಒಂದು ಲೋಟ ನೀರು. ನಿನ್ನ ಕೈಯಾರೆ ತಂದುಕೊಡು. ಅರ್ಧ ನೀನು ಕುಡಿದು ಕೊಟ್ಟರೂ ಸರಿ.